ಸೈಪ್ರಸ್ ದ್ವೀಪದಲ್ಲಿ ಕೊಡಗಿನ ಜನರಲ್

ಸಣ್ಣ ದೇಶಗಳಿಗೆ ಲೋಕದ ವ್ಯವಹಾರದಲ್ಲಿ ಏನು ಕೆಲಸ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರ ಹುಡುಕಲು ಮಡಿಕೇರಿಯವರೆಗೆ ಹೋದರೆ ಸಾಕು. 1906ರ ಮಾರ್ಚ್ 31ರಂದು ಅಲ್ಲಿ ಜನಿಸಿದವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1957ರಿಂದ 1961ರವರೆಗೆ ಅವರು ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದುದು ಎಲ್ಲರಿಗೂ ಗೊತ್ತು. ಶಾಂತಿಗಾಗಿ ಅವರು ದುಡಿದದ್ದು ಅಷ್ಟಾಗಿ ಗೊತ್ತಿಲ್ಲ.

1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆ ಉಳಿಯಿತು. ಅದಕ್ಕಾಗಿ ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಇದ್ದವು. ಅಧ್ಯಕ್ಷತೆ ಭಾರತದ್ದು, ಆ ಪೀಠದಲ್ಲಿ ಕುಳಿತವರು ತಿಮ್ಮಯ್ಯ.

ನಿವೃತ್ತಿಯ ನಂತರ ಮತ್ತೊಂದು ಕರೆ ಬಂತು. ಸೈಪ್ರಸ್ 1960ರಲ್ಲಿ ಸ್ವತಂತ್ರವಾದ ದ್ವೀಪ. ಎರಡು ಕೊಡಗನ್ನು ಕೂಡಿಸಿದರೆ ಎಷ್ಟೋ, ಅದಕ್ಕಿಂತ ತುಸು ದೊಡ್ಡದು. 1963ರ ಡಿಸೆಂಬರ್‌ನಲ್ಲಿ ಅಲ್ಲಿ ಗ್ರೀಕ್ ಭಾಷಿಕ ಕ್ರೈಸ್ತರಿಗೂ ತುರ್ಕಿ ಭಾಷಿಕ ಮುಸ್ಲಿಮರಿಗೂ ಕಾಳಗ ಹತ್ತಿಕೊಂಡಿತು. ಸುಮಾರು 25,000 ತುರ್ಕರು ಊರು ಬಿಟ್ಟರು. ಶತಮಾನಗಳಿಂದ ಅಕ್ಕಪಕ್ಕ ಬಾಳಿದವರು ಮರಳು ಮೂಟೆಗಳ ಆಚೆ ಈಚೆ ನಿಂತರು.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಶಾಂತಿಪಡೆಗೆ ಒಪ್ಪಿಗೆ ನೀಡಿತು. ಬ್ರಿಟನ್ ಮತ್ತು ಕೆನಡಾ ಜೊತೆ ಅದಕ್ಕೆ ಸೈನಿಕರನ್ನು ಕಳಿಸಿದವು ಐರ್ಲೆಂಡ್, ಡೆನ್ಮಾರ್ಕ್, ಫಿನ್‌ಲೆಂಡ್, ಸ್ವೀಡನ್‌ಗಳಂಥ ಪುಟ್ಟ ದೇಶಗಳು. ಭಾರತದ ಒಂದು ತುಕಡಿಯೂ ಅಲ್ಲಿರಲಿಲ್ಲ. ಆದರೂ ಮೊದಲ ದಂಡನಾಯಕರು ಭಾರತದ ಜನರಲ್ ಗ್ಯಾನಿ, ಅದೇ ವರ್ಷ ಜುಲೈನಿಂದ ತಿಮ್ಮಯ್ಯ. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸಬಾರದೆಂಬ ಕಟ್ಟಳೆ. ಯುದ್ಧ ಮಾಡುವುದಕ್ಕಿಂತ ಇದು ಕಷ್ಟದ ಕೆಲಸವೆಂದೇ ನನ್ನ ಎಣಿಕೆ. ಅವರು ಹೋದ ಮರುತಿಂಗಳೇ ಕೊಕ್ಕಿನಾ ಎಂಬಲ್ಲಿ ಕಾದಾಟವಾಗಿ ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಯುದ್ಧ ಹಬ್ಬದಂತೆ ತಡೆಯಬೇಕಾಗಿತ್ತು.

ಉಳಿದ ಕೆಲಸ ಪತ್ರಿಕೆಗಳ ತಲೆಬರಹಕ್ಕೆ ಬರುವಂಥದ್ದಲ್ಲ. ಹೊಲಕ್ಕೆ ಹೋಗಲು ಅಂಜುವ ರೈತರಿಗೆ ಕೊಯ್ಲಿನ ಕಾಲದಲ್ಲಿ ಕಾವಲು, ನಿಕೋಸಿಯಾ-ಕಿರೇನಿಯಾ ರಸ್ತೆಯಲ್ಲಿ ಜನರ ವಾಹನಗಳ ಮುಂದೆ ಹಿಂದೆ ಪಡೆಯ ಜೀಪು, ತಡೆಹಿಡಿದ ಸಾಮಾನುಗಳು ಹಳ್ಳಿಗೆ ತಲುಪಲು ಮಾತುಕತೆ. ವಿ.ಸಿ. ಫಾರಂ ಸುತ್ತಿನ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಾಲೆಯ ನೀರು ಹದಿನೈದು ದಿನ ತಡವಾದರೇ ಭತ್ತದ ಗದ್ದೆಯಲ್ಲಿ ಎದೆ ಒಡೆಯುತ್ತದೆ. ಮಾಗಿದ ಪೈರು ಕಣ್ಣೆದುರಿಗಿದ್ದೂ ಬಂದೂಕಿನ ಭಯಕ್ಕೆ ಕುಡುಗೋಲು ಹಿಡಿಯಲಾಗದ ರೈತನ ಪಾಡೇನು!

ಶಾಂತಿ ಪೂರ್ಣವಾಯಿತೆನ್ನುವಂತಿಲ್ಲ. 1974ರಲ್ಲಿ ದ್ವೀಪ ಇಬ್ಭಾಗವಾಯಿತು, ನಡುವಿನ ಗಡಿಪಟ್ಟಿಯಲ್ಲಿ ವಿಶ್ವಸಂಸ್ಥೆಯ ಕಾವಲು ಮುಂದುವರಿದಿದೆ. ಅದನ್ನು ನೋಡಲು ತಿಮ್ಮಯ್ಯ ಇರಲಿಲ್ಲ. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಅವರು ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಭಾವಚಿತ್ರವಿರುವ ಅಂಚೆಚೀಟಿ ಹೊರತಂದಿತು. ಲಾರ್ನಾಕಾ ಪಟ್ಟಣದ ಒಂದು ರಸ್ತೆಗೆ ಅವರದೇ ಹೆಸರು. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಪ್ರವಾಸ ಹೋಗುವ ನಮ್ಮ ವಿದ್ಯಾರ್ಥಿಗಳು ರಾಜಾಸೀಟು ನೋಡಿ ಹಿಂದಿರುಗದೆ ಅಲ್ಲಿಗೂ ಹೋಗಿ ಬರಲಿ.