ವಿಧವೆಯರ ಪುನರ್ವಿವಾಹ ಕಾಯಿದೆ ಮತ್ತು ಅದರ ಎರಡನೆಯ ಕಲಮು

1856ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ ಹಿಂದೂ ವಿಧವೆಯರ ಪುನರ್ವಿವಾಹ ಕಾಯಿದೆಯನ್ನು ನಮ್ಮ ನಾಡಿನ ಸುಧಾರಣೆಯ ಚರಿತ್ರೆಯಲ್ಲಿ ಎಲ್ಲರೂ ಗೌರವದಿಂದ ನೆನೆಯುತ್ತಾರೆ. ನಾವೂ ಹಾಗೆಯೇ ನೆನೆಯುತ್ತೇವೆ. ಈಶ್ವರಚಂದ್ರ ವಿದ್ಯಾಸಾಗರರು ಪರಾಶರ ಸ್ಮೃತಿಯ ಆಧಾರದಿಂದ ಅದಕ್ಕಾಗಿ ವಾದಿಸಿದರು. ಜೆ. ಪಿ. ಗ್ರಾಂಟ್ ಮಸೂದೆಯನ್ನು ಮಂಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಾಯಿದೆಯ ಆಶ್ರಯದ ಮೊದಲ ವಿವಾಹ ನೆರವೇರಿತು. ಈ ಮಹನೀಯರ ಸದುದ್ದೇಶವನ್ನು ಶಂಕಿಸಲು ಕಾರಣವಿಲ್ಲ. ಆದರೆ ಕಾಯಿದೆಯ ಮೊದಲನೆಯ ಕಲಮನ್ನು ಕೊಂಡಾಡುವವರು ಎರಡನೆಯದನ್ನು ಓದುವುದು ಅಪರೂಪ.

ಆ ಎರಡನೆಯ ಕಲಮಿನ ತಾತ್ಪರ್ಯ ಇಷ್ಟು: ವಿಧವೆಯು ಪುನಃ ವಿವಾಹವಾದೊಡನೆ ಮೃತ ಪತಿಯ ಆಸ್ತಿಯಲ್ಲಿ ಜೀವನಾಂಶವಾಗಿಯೋ ಉತ್ತರಾಧಿಕಾರವಾಗಿಯೋ ಅವಳಿಗಿದ್ದ ಹಕ್ಕು, ಅವಳೇ ಸತ್ತಳೆಂಬಂತೆ ಕೊನೆಗೊಳ್ಳುತ್ತದೆ, ಆಸ್ತಿಯು ಪತಿಯ ಮುಂದಿನ ವಾರಸುದಾರರಿಗೆ ಸಲ್ಲುತ್ತದೆ. ಪತ್ನಿಯು ಪತಿಯ ಅರ್ಧದೇಹವೆಂಬ ಶಾಸ್ತ್ರಭಾವನೆಯ ಮೇಲೆ ಅವಳ ಹಕ್ಕು ನಿಂತಿದ್ದುದರಿಂದ, ಮತ್ತೊಬ್ಬನ ಕೈಹಿಡಿದವಳಿಗೆ ಆ ಹಕ್ಕು ಉಳಿಯಬಾರದೆಂಬುದು ಶಾಸನಕರ್ತರ ತರ್ಕ. ಮದುವೆಯ ಮಾರ್ಗವೇ ಇಲ್ಲದವಳಿಗೆ ಮಾರ್ಗ ತೆರೆಯುತ್ತಿದ್ದೇವೆ, ಬದಲಿಗೆ ಹೊಲ ಬಿಟ್ಟುಕೊಡಲಿ ಎಂಬ ಲೆಕ್ಕಾಚಾರ ಅವರಿಗೆ ಅನ್ಯಾಯವಾಗಿ ತೋರಿರಲಾರದು.

ಲೆಕ್ಕ ತಪ್ಪಿದ್ದು ಇಲ್ಲಿಯೇ. ಅವರ ಕಣ್ಣ ಮುಂದಿದ್ದವಳು ಮೇಲ್ಜಾತಿಯ ವಿಧವೆ. ದೇಶದ ಬಹುಸಂಖ್ಯಾತ ದುಡಿಯುವ ಸಮುದಾಯಗಳಲ್ಲಿ ವಿಧವೆಯ ಮರುಮದುವೆ ಮೊದಲಿನಿಂದಲೂ ರೂಢಿಯಲ್ಲಿತ್ತು. ಕನ್ನಡ ನಾಡಿನ ಉಡಿಕೆ, ಕೂಡಿಕೆ, ಸೀರುಡಿಕೆ ಎಂಬ ಮಾತುಗಳೇ ಅದಕ್ಕೆ ಸಾಕ್ಷಿ. ಈ ಸ್ತ್ರೀಯರಿಗೆ ಕಾಯಿದೆಯ ಅನುಮತಿ ಬೇಕಾಗಿರಲಿಲ್ಲ. ಪತಿಯ ಆಸ್ತಿ ಅವಳಲ್ಲಿ ಉಳಿಯುವುದೋ ಇಲ್ಲವೋ ಎಂಬುದನ್ನು ಆಯಾ ಕುಲದ ರೂಢಿ ನಿರ್ಣಯಿಸುತ್ತಿತ್ತು. ಇಂಥವರಿಗೂ ಎರಡನೆಯ ಕಲಮು ಅನ್ವಯಿಸುವುದೇ? 1877ರಲ್ಲಿ ಮದರಾಸು ಹೈಕೋರ್ಟು, ಮರುಮದುವೆಯ ರೂಢಿಯುಳ್ಳ ಮರವ ಕುಲದ ವಿಧವೆಯೊಬ್ಬಳ ಮೊಕದ್ದಮೆಯಲ್ಲಿ, ಅವಳು ಆಸ್ತಿಯನ್ನು ಕಳೆದುಕೊಳ್ಳುತ್ತಾಳೆಂದು ತೀರ್ಪಿತ್ತಿತು. ಬೊಂಬಾಯಿಯೂ ಅದೇ ದಾರಿ ಹಿಡಿಯಿತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಆಗ ಅದರ ಅಧಿಕಾರವ್ಯಾಪ್ತಿಯಲ್ಲಿದ್ದವು. ಅಲಹಾಬಾದ್ ಹೈಕೋರ್ಟು ಮಾತ್ರ 1889ರಲ್ಲಿ, ಮೊದಲೇ ಸ್ವತಂತ್ರಳಾಗಿದ್ದವಳಿಗೆ ಈ ಕಾಯಿದೆ ಸಂಬಂಧಿಸಿದ್ದಲ್ಲವೆಂದು ಹೇಳಿತು. ಹೀಗೆ, ಕೆಲವರ ಬಂಧನ ಬಿಡಿಸಲು ಬರೆದ ಶಾಸನವು ಬಂಧನವಿಲ್ಲದವರಿಗೆ ದಂಡವಾಯಿತು.

ನೀತಿಶಾಸ್ತ್ರವನ್ನು ಅಭ್ಯಸಿಸುವ ನಮ್ಮನ್ನು ಇನ್ನೂ ಹೆಚ್ಚು ಕಾಡುವುದು ಮತ್ತೊಂದು ತೀರ್ಪು. ಅಸ್ಸಾಮಿನ ಮೊನಿರಾಮ್ ಕೊಲಿತಾ ಮೊಕದ್ದಮೆಯಲ್ಲಿ 1880ರಲ್ಲಿ ಪ್ರಿವಿ ಕೌನ್ಸಿಲ್, ಒಮ್ಮೆ ಕೈಸೇರಿದ ಪತಿಯ ಆಸ್ತಿಯನ್ನು ವಿಧವೆಯು ತರುವಾಯದ ಶೀಲಭಂಗದಿಂದ ಕಳೆದುಕೊಳ್ಳುವುದಿಲ್ಲವೆಂದು ನಿರ್ಣಯಿಸಿತು. ಅದನ್ನು ಪ್ರತ್ಯೇಕವಾಗಿ ನೋಡಿದರೆ ಕರುಣೆಯ ತೀರ್ಪೇ ಸರಿ. ಎರಡನೆಯ ಕಲಮಿನ ಪಕ್ಕದಲ್ಲಿಟ್ಟರೆ ಸಿಗುವ ಚಿತ್ರ ಬೇರೆ: ವಿವಾಹವಿಲ್ಲದೆ ಪುರುಷನೊಡನೆ ಬಾಳುವವಳಿಗೆ ಹೊಲ ಉಂಟು, ವಿವಾಹವಾದವಳಿಗೆ ಇಲ್ಲ. ವಾದಕ್ಕೆ ನಿಂತ ದಾಯಾದಿಗಳಿಗೆ ಅವಳು ಧರ್ಮಪತ್ನಿಯೆಂದು ಸಾಧಿಸುವುದು ಲಾಭ. ಅವಳಿಗೋ, ತನ್ನ ಮದುವೆಯನ್ನೇ ಅಲ್ಲಗಳೆಯುವುದು ಲಾಭ. ಎಳೆಯ ವಿಧವೆಯರು ಮದುವೆಯಾಗಲೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು ಕೊಟ್ಟ ಬುದ್ಧಿವಾದಕ್ಕೂ, ವಿದ್ಯಾಸಾಗರರ ಅಭಿಲಾಷೆಗೂ ಇದಕ್ಕಿಂತ ದೊಡ್ಡ ಅಡ್ಡಗೋಡೆ ಯಾವುದು?

ಮತಾಂತರಗೊಂಡವಳ ಸ್ಥಿತಿಯೂ ವಿಚಿತ್ರವಾಗಿತ್ತು. 1850ರ ಜಾತಿ ಅನರ್ಹತಾ ನಿವಾರಣಾ ಕಾಯಿದೆಯು ಧರ್ಮ ಬದಲಿಸಿದವರ ಆಸ್ತಿಯನ್ನು ಕಾಪಾಡುತ್ತಿತ್ತು. ಆದರೆ 1891ರ ಮಾತಂಗಿನಿ ಗುಪ್ತ ಮೊಕದ್ದಮೆಯಲ್ಲಿ, ತಾನು ಹಿಂದೂ ಅಲ್ಲವೆಂದು ಘೋಷಿಸಿ 1872ರ ಕಾಯಿದೆಯಂತೆ ಮದುವೆಯಾದ ವಿಧವೆಯೂ ಹಿಂದಿನ ಪತಿಯ ಆಸ್ತಿಯನ್ನು ಕಳೆದುಕೊಳ್ಳುತ್ತಾಳೆಂದು ಕಲ್ಕತ್ತಾ ಹೈಕೋರ್ಟಿನ ಪೂರ್ಣಪೀಠ ಬಹುಮತದಿಂದ ತೀರ್ಮಾನಿಸಿತು. ಈ ತರ್ಕ ಕ್ರೈಸ್ತಳಾದ ವಿಧವೆಯ ತನಕ ಚಾಚುವುದನ್ನು ಊಹಿಸುವುದು ಕಷ್ಟವಲ್ಲ. ದೀಕ್ಷಾಸ್ನಾನ ಪಡೆದಾಗ ಉಳಿದ ಹೊಲ ವಿವಾಹ ಸಂಸ್ಕಾರದಿಂದ ಹೋಗುತ್ತಿತ್ತು!

ರೂತಳ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ಬೋಧಿಸುವಾಗಲೆಲ್ಲ ಈ ಕಲಮು ನಮಗೆ ನೆನಪಾಗುತ್ತದೆ. ಬೆತ್ಲೆಹೇಮಿನ ಊರಬಾಗಿಲಲ್ಲಿ ಬೋವಜನು ಹೊಲದ ಮಾತನ್ನೂ ವಿಧವೆಯ ಮಾತನ್ನೂ ಒಟ್ಟಿಗೇ ಎತ್ತುತ್ತಾನೆ. ಹೊಲ ಮಾತ್ರ ಸಾಕೆನ್ನುವ ಹತ್ತಿರದ ಬಂಧು, ವಿಧವೆಯೂ ಜೊತೆಗೆ ಬರುವಳೆಂದು ತಿಳಿದೊಡನೆ ಹಿಂದೆ ಸರಿಯುತ್ತಾನೆ. 1856ರ ಶಾಸನವು ಆ ಬಂಧುವಿಗೆ ಬೇಕಾದುದನ್ನೇ ಕೊಟ್ಟಿತು: ವಿಧವೆಯನ್ನು ಬಿಟ್ಟು ಹೊಲ. ಊರಬಾಗಿಲಿನ ಹಿರಿಯರಿಗೆ ರೂತಳ ಹೆಸರೂ ಅವಳ ಕಥೆಯೂ ಗೊತ್ತಿದ್ದವು. ಕಲ್ಕತ್ತೆಯ ಶಾಸನಸಭೆಗೆ ಉಡಿಕೆಯವಳ ಪರಿಚಯವಿರಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧವೆಯನ್ನು ಪತಿಯಿಂದ ಬಂದ ಆಸ್ತಿಗೆ ಪೂರ್ಣ ಒಡತಿಯನ್ನಾಗಿ ಮಾಡಿತು. ಹಳೆಯ ಕಾಯಿದೆ ಮಾತ್ರ 1983ರವರೆಗೆ ರದ್ದಾಗದೆ ಉಳಿಯಿತು. ಅದು ರದ್ದಾಗಿ ಕಾಲು ಶತಮಾನ ಕಳೆದ ಮೇಲೆ, 2008ರಲ್ಲಿ, ಕೇರಳದ ಒಂದು ಕುಟುಂಬದ ವ್ಯಾಜ್ಯದಲ್ಲಿ ಮೃತನ ಬಂಧುಗಳು ಅದೇ ಎರಡನೆಯ ಕಲಮನ್ನು ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋದರು. ಮರುಮದುವೆಯಾದ ಆ ಸ್ತ್ರೀಯ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಿತು.