ಓರ್ವಕಲ್ಲಿನ ವಿಮಾನ ನಿಲ್ದಾಣ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಸರಿದರೂ ಕನ್ನಡ ಮನೆಗಳ ನಂಟು ಬಳ್ಳಾರಿ, ಬೆಂಗಳೂರಿನ ಕಡೆಗೇ ಉಳಿಯಿತು. 2021ರ ಮಾರ್ಚ್ 28ರಂದು ಕರ್ನೂಲು ಬಳಿಯ ಓರ್ವಕಲ್ಲಿನಿಂದ ಬೆಂಗಳೂರಿಗೆ ವಿಮಾನ ಹಾರಿದ್ದು ಸಿ. ಬೆಳಗಲ್, ಆದವಾನಿ ಕಡೆಯವರಿಗೂ ಸೇರಿದ ಸಂಗತಿ. 1847ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಉಯ್ಯಾಲವಾಡ ನರಸಿಂಹ ರೆಡ್ಡಿಯ ಹೆಸರನ್ನು ನಿಲ್ದಾಣಕ್ಕಿಟ್ಟರು.

ಹೆಸರಿಟ್ಟ ಮಾತ್ರಕ್ಕೆ ನಿಲ್ದಾಣ ಬದುಕದು. ಉಡಾನ್ ಯೋಜನೆಯಲ್ಲಿ ಅರ್ಧದಷ್ಟು ಸೀಟುಗಳಿಗೆ ದರದ ಮಿತಿಯುಂಟು. ಅದರ ನಷ್ಟವನ್ನು ಸರಕಾರ ತುಂಬಿಕೊಡುವುದು ಮೂರೇ ವರ್ಷ. ಆಮೇಲೆ ಪ್ರಯಾಣಿಕರೇ ಸಾಕಬೇಕು. ಬಸ್ಸಿನ ಟಿಕೇಟಿಗೂ ಲೆಕ್ಕ ಹಾಕುವ ಬರದ ಸೀಮೆಯಲ್ಲಿ ಅದು ಸುಲಭವಲ್ಲ. 2025ರ ಜುಲೈ 2ರಂದು ವಿಜಯವಾಡಕ್ಕೂ ವಿಮಾನ ಆರಂಭವಾಯಿತು. ಆ ದಾರಿ ಬೇಕಾದದ್ದೇ. ಆದರೆ ಗಡಿಯವರ ಬದುಕು ಯಾವ ದಿಕ್ಕಿಗೆ ನಡೆಯುತ್ತದೆಂಬುದನ್ನೂ ನೋಡಿದರೆ ಮಾತ್ರ ಸೀಟು ತುಂಬೀತು.