ಕದಂಬರ ನಾಡಿನ ಗಡಿ

ಯೂರೋಪಿನ ಹಲವು ದೇಶಗಳ ಜನರು 1995ರಿಂದ ರಹದಾರಿಯ ತಪಾಸಣೆಯಿಲ್ಲದೆ ನೆರೆರಾಜ್ಯಗಳಿಗೆ ಹೋಗಿಬರುತ್ತಾರೆಂದು ನಾವು ಬೆರಗಾಗುವುದುಂಟು. ಅಂತಹ ಗಡಿಯೊಂದು ನಮ್ಮ ಸೊರಬ ಶಿಕಾರಿಪುರಗಳ ಅಂಚಿನಲ್ಲಿಯೇ ಇದ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಈ ಸೀಮೆಯು ಮೈಸೂರಿನ ಒಡೆಯರಿಗೆ ಸಂದಿತು. ಮಗ್ಗುಲಿನ ಬನವಾಸಿಯು ಕಂಪನಿಯ ಪಾಲಾಗಿ, 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ವರದಾನದಿ ಇದಾವುದನ್ನೂ ಅರಿಯದೆ ಸೊರಬದ ಕಡೆಯಿಂದ ಬನವಾಸಿಗೆ ಹರಿಯಿತು. ಬೀಗರು ನಂಟರು ಗಾಡಿ ಕಟ್ಟಿ ಹೋಗಿಬಂದರು. ಎರಡು ಕಡೆಯ ಮಾತೂ ಕನ್ನಡವೇ.

ಗಡಿಯಿಂದ ನಷ್ಟವಾದದ್ದು ಚರಿತ್ರೆಗೆ. ಮಯೂರಶರ್ಮನ ಊರು ಶಿಕಾರಿಪುರದ ತಾಳಗುಂದ. ಅವನ ವಂಶದ ರಾಜಧಾನಿ ಬನವಾಸಿ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದವನು ಪಲ್ಲವರ ರಾವುತನೊಡನೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನೆಂಬ ವೃತ್ತಾಂತವನ್ನು ತಾಳಗುಂದದ ಕಂಬವು ಹೇಳುತ್ತದೆ. ಅದು 1902ರಲ್ಲಿ ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚಾಯಿತು. ಸೊರಬದ ಶಾಸನಗಳು 1904ರ ಎಂಟನೆಯದರಲ್ಲಿ ಬಂದವು. ಬನವಾಸಿಯ ಶಾಸನಗಳೋ? ಅವು ಪರಸರ್ಕಾರದವು, ಮೈಸೂರಿನ ಆ ಸಂಪುಟಗಳಲ್ಲಿ ಅವಕ್ಕೆ ಸ್ಥಳವಿರಲಿಲ್ಲ. ಒಂದೇ ಮನೆತನದ ಕಥೆಗೆ ಎರಡು ಕಪಾಟು!

1956ರ ನವೆಂಬರ್ 1ರಂದು ಆ ಗಡಿ ಅಳಿಯಿತು. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಕದಂಬರನ್ನು ಹುಡುಕುವಾಗ ಈಗಲೂ ಮೊದಲನೆಯ ಕಪಾಟನ್ನಷ್ಟೇ ತೆರೆಯುತ್ತಾರೆ.